ಗಡಿಯ ಸಂತೆ, ಅಂತರ್ಜಾಲದ ಅಂಗಡಿ: ಬಾಗಲೂರು ಮತ್ತು ಯುರೋಪು

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ತಾಲ್ಲೂಕು ಮದ್ರಾಸು ರಾಜ್ಯದಲ್ಲೇ ಉಳಿಯಿತು. ಕನ್ನಡ, ತೆಲುಗು, ತಮಿಳು ಮೂರೂ ಬಳಕೆಯಲ್ಲಿರುವ ಬಾಗಲೂರು ಗಡಿಯಂಚಿನ ಊರಾಗಿಯೇ ಮುಂದುವರಿಯಿತು. ಅದೇ ಡಿಸೆಂಬರಿನಲ್ಲಿ ಬಂದ ಕೇಂದ್ರ ಮಾರಾಟ ತೆರಿಗೆ ಕಾಯಿದೆಯು ಅಂತರರಾಜ್ಯ ಮಾರಾಟವನ್ನು ಪ್ರತ್ಯೇಕವಾಗಿ ಗುರುತಿಸಿತು. ಹೀಗೆ ಆಡಳಿತದ ಗಡಿಯೇ ತೆರಿಗೆಯ ಗಡಿಯೂ ಆಯಿತು. ಆದರೆ ಸಂತೆಯ ವ್ಯವಹಾರಕ್ಕೆ ಭಾಷೆ ತೊಡಕಾಗಲಿಲ್ಲ. ಅಲ್ಲಿ ಬಾಯಿಮಾತೇ ಕರಾರು. ಅದು ಕೊಳ್ಳುವವರಿಗೂ ಮಾರುವವರಿಗೂ ತಿಳಿಯುವ ಭಾಷೆಯಲ್ಲಿ ನಡೆಯುತ್ತಿತ್ತು.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದು, ರಾಜ್ಯಗಳ ವಾಣಿಜ್ಯ ತೆರಿಗೆ ತನಿಖಾ ಠಾಣೆಗಳು ತೆರವಾದವು. ಆದರೂ ಗಡಿ ಪೂರ್ತಿಯಾಗಿ ಅಳಿಯಲಿಲ್ಲ. 2023ರ ಅಕ್ಟೋಬರ್ 1ರಿಂದ, ಅಂತರ್ಜಾಲ ಮಾರುಕಟ್ಟೆಗಳ ಮೂಲಕ ಸರಕು ಮಾರುವ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಂದಣಿಯಿಂದ ವಿನಾಯಿತಿ ದೊರೆಯಿತು. ಆದರೆ ಅಂತರರಾಜ್ಯ ಮಾರಾಟ ಮಾಡುವವರಿಗೆ ಅದು ಅನ್ವಯಿಸದು. ಈ ವಿನಾಯಿತಿ ಪಡೆದ ಬಾಗಲೂರಿನ ವ್ಯಾಪಾರಿ ದೂರದ ಚೆನ್ನೈಗೆ ಸರಕು ಕಳುಹಿಸಬಹುದು, ನೆರೆಯ ಸರ್ಜಾಪುರಕ್ಕೆ ಕಳುಹಿಸುವಂತಿಲ್ಲ.

ಯುರೋಪಿನ ಏಕೀಕೃತ ಮಾರುಕಟ್ಟೆಯೂ ಇಂಥ ಅರೆತೆರೆದ ಬಾಗಿಲೇ. 2018ರ ಡಿಸೆಂಬರ್ 3ರಿಂದ ಅನ್ವಯವಾದ ನಿಯಮದಂತೆ, ಗ್ರಾಹಕರು ಬೇರೆ ಸದಸ್ಯ ದೇಶದವರೆಂಬ ಕಾರಣಕ್ಕೆ ಅಂತರ್ಜಾಲದ ಅಂಗಡಿ ಅವರನ್ನು ಹೊರಗಿಡುವಂತಿಲ್ಲ. ಆದರೆ ಅವರ ದೇಶಕ್ಕೆ ಸರಕು ತಲುಪಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ.

ಎರಡೂ ನೆಲೆಗಳು ಬೇರೆಯಾಗುವುದು ಭಾಷೆಯ ವಿಷಯದಲ್ಲಿ. ಬೆಲ್ಜಿಯಮ್ಮಿನ ಡಚ್ ಭಾಷಾ ಪ್ರದೇಶದಲ್ಲಿ ಫ್ರೆಂಚ್, ಜರ್ಮನ್ ಚೀಟಿಗಳಿದ್ದ ಖನಿಜಜಲದ ಮಾರಾಟ ವ್ಯಾಜ್ಯವಾದಾಗ, ಯುರೋಪಿನ ನ್ಯಾಯಾಲಯ 1991ರಲ್ಲಿ ತೀರ್ಪು ನೀಡಿತು: ಕೊಳ್ಳುವವರಿಗೆ ಸುಲಭವಾಗಿ ಅರ್ಥವಾಗುವ ಬೇರೆ ಭಾಷೆಗೆ ಅವಕಾಶ ಕೊಡದೆ ಪ್ರದೇಶದ ಭಾಷೆಯನ್ನಷ್ಟೇ ಕಡ್ಡಾಯಗೊಳಿಸಲಾಗದು. ಇಲ್ಲಿ ಅಳತೆಗೋಲು ಪ್ರದೇಶವಲ್ಲ, ಓದುಗರ ಗ್ರಹಿಕೆ. 2011ರ ಗ್ರಾಹಕ ಹಕ್ಕುಗಳ ನಿರ್ದೇಶನವು ದೂರ ಮಾರಾಟದ ಕರಾರುಗಳಲ್ಲಿ ಭಾಷೆಯ ಷರತ್ತು ವಿಧಿಸಲು ಸದಸ್ಯ ದೇಶಗಳಿಗೆ ಅವಕಾಶವನ್ನೂ ಉಳಿಸಿತು.

ಅದೇ 2011ರ ಭಾರತೀಯ ಪೊಟ್ಟಣ ಸರಕುಗಳ ನಿಯಮಗಳು ಕಡ್ಡಾಯ ವಿವರಗಳಿಗೆ ಹಿಂದಿ ಅಥವಾ ಇಂಗ್ಲಿಷನ್ನು ಗೊತ್ತುಪಡಿಸಿ, ಉಳಿದ ಭಾಷೆಗಳನ್ನು ಹೆಚ್ಚುವರಿಯಾಗಿ ಮಾತ್ರ ಒಪ್ಪುತ್ತವೆ. 2020ರ ಇ-ವಾಣಿಜ್ಯ ನಿಯಮಗಳು ದೂರನ್ನು 48 ಗಂಟೆಗಳಲ್ಲಿ ಸ್ವೀಕರಿಸಿ ಒಂದು ತಿಂಗಳಲ್ಲಿ ಪರಿಹರಿಸಬೇಕೆನ್ನುತ್ತವೆ. ಯಾವ ಭಾಷೆಯಲ್ಲಿ ಎಂಬುದನ್ನು ಹೇಳುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಿಂದಾಗಿ ಬಾಗಲೂರಿನವರು ತಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು. ನ್ಯಾಯ ಮನೆಯ ಹತ್ತಿರಕ್ಕೆ ಬಂದಿದೆ. ಆದರೆ ಕನ್ನಡ ಅಥವಾ ತಮಿಳು ಮಾತ್ರ ಓದಬಲ್ಲ ಗ್ರಾಹಕರಿಗೆ, ತಾವು ಯಾವುದಕ್ಕೆ ಒಪ್ಪಿಗೆ ಕೊಟ್ಟೆವು ಎಂಬುದನ್ನು ತಿಳಿಯಲು ಇಂದಿಗೂ ಇನ್ನೊಬ್ಬರ ನೆರವು ಬೇಕಾಗುತ್ತದೆ.