ಜುಲೈ ಒಂದರ ಗಡುವು

ಮಾರ್ಕೆಟಿಂಗ್ ಟೀಮಿನವರು ಕಳಿಸೋ ಲಿಂಕುಗಳನ್ನು ಸ್ವಲ್ಪ ಗಮನಿಸಿ, ಬಾಲದಲ್ಲಿ ‘ಯುಟಿಎಂ’ ಅಂತ ಅಂಟಿಕೊಂಡಿರುತ್ತೆ. ಅದರ ಮೊದಲ ಅಕ್ಷರ ‘ಅರ್ಚಿನ್’ನದು. ಅರ್ಚಿನ್ ಅಂದ್ರೆ ಅಮೆರಿಕದ ಸ್ಯಾನ್ ಡಿಯಾಗೋದ ಒಂದು ಕಂಪನಿ. ಸರ್ವರ್‌ನ ಲಾಗ್ ಫೈಲುಗಳನ್ನು ಓದಿ, ಸೈಟಿಗೆ ಯಾರು ಎಲ್ಲಿಂದ ಬಂದರು ಅನ್ನೋ ಲೆಕ್ಕ ಕೊಡೋ ಸಾಫ್ಟ್‌ವೇರ್ ಮಾಡುತ್ತಿತ್ತು. 2005ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡು, ಅದೇ ವರ್ಷ ನವೆಂಬರಿನಲ್ಲಿ ಗೂಗಲ್ ಅನಲಿಟಿಕ್ಸ್ ಅಂತ ಬಿಟ್ಟಿಯಾಗಿ ಕೊಡಲು ಶುರುಮಾಡಿತು.

ಬಿಟ್ಟಿ ಅಂದಮೇಲೆ ಕೇಳಬೇಕೇ, ಎಲ್ಲರೂ ಹಾಕಿಕೊಂಡರು. ಲಾಗ್ ಫೈಲು ನಮ್ಮ ಸರ್ವರ್‌ನಲ್ಲಿರುತ್ತಿತ್ತು. ಈಗ ಲೆಕ್ಕದ ಪುಸ್ತಕ ಅವರ ಮನೆಯಲ್ಲಿ, ನಮಗೆ ಸಿಗೋದು ರಿಪೋರ್ಟು ಮಾತ್ರ. ಇದು ಯಾರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ.

2022ರ ಮಾರ್ಚಿನಲ್ಲಿ ಗೂಗಲ್ ಪ್ರಕಟಣೆ ಹೊರಡಿಸಿತು: ಹಳೆಯ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ಹೊಸ ಲೆಕ್ಕ ತೆಗೆದುಕೊಳ್ಳೋದು ನಿಲ್ಲಿಸುತ್ತೆ. ಆಮೇಲೆ 2024ರ ಜುಲೈ 1ರಿಂದ ಹಳೇ ಡೇಟಾವೂ ಸಿಗೋಲ್ಲ ಅಂತಾಯಿತು. ಹೊಸ ಜಿಎ4ಗೆ ಅದನ್ನು ಸಾಗಿಸೋ ದಾರಿ ಇರಲಿಲ್ಲ. ದುಡ್ಡು ಕೊಟ್ಟ ಗಿರಾಕಿಗಳಿಗೆ ಬಿಗ್‌ಕ್ವೆರಿಗೆ ಮೂಲ ಡೇಟಾ ಕಳಿಸೋ ಸೌಲಭ್ಯವಿತ್ತು. ಉಳಿದವರಿಗೆ ಎಪಿಐ, ಇಲ್ಲವೇ ಒಂದೊಂದೇ ರಿಪೋರ್ಟು ಇಳಿಸಿಕೊಳ್ಳೋದೇ ಗತಿ.

ನಮ್ಮ ಆಫೀಸಿಗೆ ಜ್ಞಾನೋದಯವಾಗಿದ್ದು 2024ರ ಜೂನಿನಲ್ಲಿ! ಪೈಥಾನ್ ಸ್ಕ್ರಿಪ್ಟ್ ಬರೆದು ಮೈಎಸ್‌ಕ್ಯೂಎಲ್‌ಗೆ ತುಂಬಲು ಕೂತೆವು. ಐದು ಲಕ್ಷ ಸೆಷನ್ ದಾಟಿದರೆ ಅನಲಿಟಿಕ್ಸ್ ಎಷ್ಟೋ ಸಲ ಸ್ಯಾಂಪಲ್ ತೆಗೆದು ಅಂದಾಜು ಹೇಳುತ್ತಿತ್ತು, ಅದಕ್ಕೇ ದಿನ ದಿನದ್ದು ಬೇರೆ ಬೇರೆ ಕೇಳಿದೆವು. ಟೇಬಲ್ ಚೆನ್ನಾಗಿ ತುಂಬಿತು. ಆಗ ಮ್ಯಾನೇಜರ್ ಬಂದು, “ದೀಪಾವಳಿ ತಿಂಗಳು ಒಟ್ಟು ಎಷ್ಟು ಜನ ಬಂದಿದ್ರು ನೋಡ್ರಪ್ಪಾ” ಅಂದ್ರು.

ಮೂವತ್ತು ದಿನದ್ದು ಕೂಡಿಸಿದೆವು. ಡ್ಯಾಶ್‌ಬೋರ್ಡಿಗಿಂತ ತುಂಬಾ ಜಾಸ್ತಿ ಬಂತು. ಸೋಮವಾರ ಬಂದವನೇ ಗುರುವಾರ ಬಂದರೆ ನಮ್ಮ ಟೇಬಲಿನಲ್ಲಿ ಅವನು ಇಬ್ಬರು. ಇಬ್ಬರೂ ಒಬ್ಬನೇ ಅಂತ ಹೇಳೋ ಗುರುತು ನಮ್ಮ ಕೈಗೆ ಬಂದೇ ಇರಲಿಲ್ಲ.

ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ರಿಲೇಶನಲ್ ಮಾದರಿ ಮುಂದಿಟ್ಟಾಗ ಅದರ ಸೊಗಸೇ ಇದು: ಡೇಟಾ ಒಳಗೆ ಹೇಗೆ ಜೋಡಿಸಿಟ್ಟಿದೆ ಅಂತ ಗೊತ್ತಿಲ್ಲದೆಯೂ ನಾಳೆ ಹೊಸ ಪ್ರಶ್ನೆ ಕೇಳಬಹುದು. ಆದ್ರೆ ಸಾಲುಗಳಲ್ಲಿ ಮೂಲ ಘಟನೆಗಳಿರಬೇಕು. ನಾವು ತುಂಬಿದ್ದು ಯಾವತ್ತೋ ಕೇಳಿದ ಪ್ರಶ್ನೆಗಳ ಉತ್ತರಗಳನ್ನ.

ಜೂನ್ 30ರ ರಾತ್ರಿ ಕೂತು ತಿಂಗಳವಾರು ಲೆಕ್ಕವನ್ನೂ ಬೇರೆ ಟೇಬಲಿಗೆ ಇಳಿಸಿದೆವು. ವಾರದ್ದು ಯಾರಿಗೂ ನೆನಪಾಗಲಿಲ್ಲ.