ಯಂತ್ರದ ಆವರ್ತ, ಕೈಯ ಪೆಟ್ಟು: ಡಾಫ್ ಜೋಡಿಯ ಧ್ವನಿಮುದ್ರಣಗಳು

ಪಶ್ಚಿಮ ಜರ್ಮನಿಯ ಡ್ಯೂಸೆಲ್ಡಾರ್ಫ್ ನಗರದಲ್ಲಿ, ಪಂಕ್ ಸಂಗೀತಗಾರರೂ ಚಿತ್ರಕಲಾವಿದರೂ ಕಲೆಯುತ್ತಿದ್ದ ರಾಟಿಂಗರ್ ಹೋಫ್ ಎಂಬ ಮದ್ಯಶಾಲೆಯ ಬಳಗದಿಂದ 1978ರಲ್ಲಿ ಹುಟ್ಟಿದ 'ಡಾಯ್ಚ್ ಅಮೆರಿಕಾನಿಶೆ ಫ್ರಾಯ್ಂಡ್‌ಶಾಫ್ಟ್', ಅಂದರೆ 'ಡಾಫ್', ಮೊದಲಿಗೆ ಗಿಟಾರ್ ವಾದಕರೂ ಇದ್ದ ತಂಡವಾಗಿತ್ತು. 1981ರ ಹೊತ್ತಿಗೆ ಉಳಿದವರೆಲ್ಲ ಬಿಟ್ಟುಹೋಗಿ, ಡ್ರಮ್ ವಾದಕ ರಾಬರ್ಟ್ ಗ್ಯೋರ್ಲ್ ಮತ್ತು ಗಾಯಕ ಗಾಬಿ ಡೆಲ್ಗಾಡೊ ಇಬ್ಬರೇ ಉಳಿದರು. ಅವರ ಶೈಲಿ ಗಟ್ಟಿಗೊಂಡದ್ದು ಆ ನಂತರವೇ.

ಆ ಶೈಲಿಯ ಆಧಾರ ಸೀಕ್ವೆನ್ಸರ್, ಅಂದರೆ ಗುಂಡಿಗಳನ್ನು ತಿರುಗಿಸಿ ಹೊಂದಿಸಿದ ಕೆಲವೇ ಸ್ವರಗಳನ್ನು ಅದೇ ಕ್ರಮದಲ್ಲಿ, ಅದೇ ವೇಗದಲ್ಲಿ ಎಡೆಬಿಡದೆ ಆವರ್ತಿಸುವ ಉಪಕರಣ. ಕೊರ್ಗ್ ಎಂಎಸ್-20 ಸಿಂಥಸೈಜರಿಗೆ ಅದನ್ನು ಜೋಡಿಸಿ ಪಡೆದ ಒರಟು ಮಂದ್ರನಾದದ ಮೇಲೆ ಗ್ಯೋರ್ಲ್ ತನ್ನ ಕೈಯಿಂದಲೇ ಡ್ರಮ್ ಬಾರಿಸುತ್ತಿದ್ದ. ದಣಿಯದ ಯಂತ್ರಕ್ಕೆ ದಣಿಯುವ ದೇಹವೊಂದು ಸರಿಸಮನಾಗಿ ನಿಲ್ಲಲು ಹೆಣಗುವ ಆ ಸೆಣಸಾಟವೇ ಈ ಸಂಗೀತದ ಜೀವಾಳ. ಸಾಮರಸ್ಯದ ಸ್ವರಗುಚ್ಛಗಳಾಗಲಿ ವಿಸ್ತಾರವಾದ ರಾಗರಚನೆಯಾಗಲಿ ಇಲ್ಲದೆಡೆ, ಡೆಲ್ಗಾಡೊನ ಪಿಸುಮಾತು, ಏದುಸಿರು, ಆಜ್ಞೆಯಂಥ ಚುಟುಕು ವಾಕ್ಯಗಳು ಕೂಡ ತಾಳದ ಭಾಗವೇ ಆದವು.

ಧ್ವನಿಮುದ್ರಣದ ಹೊಣೆ ಕೊನ್ನಿ ಪ್ಲಾಂಕ್ ಅವರದು. ಕಲೋನ್ ನಗರದ ಹೊರವಲಯದ ಹಳ್ಳಿಯೊಂದರಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಪ್ಲಾಂಕ್, ಧ್ವನಿಗಳ ನಡುವಿನ ತೆರಪನ್ನು ತುಂಬದೆ ಹಾಗೆಯೇ ಉಳಿಸಿದ್ದರಿಂದ ಒಂದೊಂದು ಪೆಟ್ಟೂ ಬಿಡಿಯಾಗಿ, ಬಲವಾಗಿ ಕೇಳಿಸುತ್ತದೆ. 'ಆಲೆಸ್ ಇಸ್ಟ್ ಗುಟ್' (1981), ಅದೇ ವರ್ಷದ 'ಗೋಲ್ಡ್ ಉಂಡ್ ಲೀಬೆ', 'ಫ್ಯೂರ್ ಇಮ್ಮರ್' (1982) ಎಂಬ ಮೂರೂ ಆಲ್ಬಮ್‌ಗಳು ಹೀಗೆ ಸಿದ್ಧಗೊಂಡು ವರ್ಜಿನ್ ಸಂಸ್ಥೆಯಿಂದ ಹೊರಬಂದವು. ಇವುಗಳಲ್ಲಿ ಮೊದಲನೆಯದೇ ಅತ್ಯಂತ ಬಿಗಿಯಾದದ್ದು. ಅದರಲ್ಲಿನ 'ಡೆರ್ ಮುಸೊಲಿನಿ', ಸರ್ವಾಧಿಕಾರಿಗಳ ಹೆಸರುಗಳನ್ನು ಕುಣಿತದ ಹೆಜ್ಜೆಗಳಾಗಿಸಿದ ಹಾಡು, ಫ್ಯಾಸಿಸಂ ಪರವೆಂಬ ಆರೋಪಕ್ಕೆ ಗುರಿಯಾಯಿತು. ಆದರೆ ಸ್ಪೇನಿನ ಕೊರ್ಡೊಬಾದಲ್ಲಿ ಜನಿಸಿ, ಸರ್ವಾಧಿಕಾರಿ ಫ್ರಾಂಕೊನ ಆಳ್ವಿಕೆಯ ಕಾಲದಲ್ಲೇ ಬಾಲಕನಾಗಿ ಜರ್ಮನಿಗೆ ವಲಸೆ ಬಂದ ಡೆಲ್ಗಾಡೊನ ಬಾಯಲ್ಲಿ ಆ ಹೆಸರುಗಳು ಆರಾಧನೆಯಾಗಿ ಕೇಳಿಸುವುದಿಲ್ಲ, ಭಯ ಕಳೆದುಕೊಂಡ ಪದಗಳಾಗಿ ಕೇಳಿಸುತ್ತವೆ.

ಜೋಡಿ 1982ರಲ್ಲೇ ಮುರಿಯಿತು. 1986ರಲ್ಲಿ, ಮತ್ತೆ 2003ರಲ್ಲಿ ಹೊಸ ಆಲ್ಬಮ್‌ಗಳಿಗಾಗಿ ಇಬ್ಬರೂ ಒಂದಾದರು. ಅಷ್ಟರಲ್ಲಿ ಬೆಲ್ಜಿಯಂನ ಫ್ರಂಟ್ 242, ಇಂಗ್ಲೆಂಡಿನ ನಿಟ್ಜರ್ ಎಬ್ ಮುಂತಾದ ತಂಡಗಳು 'ಎಲೆಕ್ಟ್ರಾನಿಕ್ ಬಾಡಿ ಮ್ಯೂಸಿಕ್', ಅಂದರೆ ಕಠಿಣ ಯಂತ್ರಲಯಕ್ಕೆ ದೇಹವನ್ನು ಕುಣಿಸುವ ಸಂಗೀತಪ್ರಕಾರವನ್ನು, ಡಾಫ್ ಹಾಕಿದ ಅಡಿಪಾಯದ ಮೇಲೆಯೇ ಕಟ್ಟಿದ್ದವು. ಡೆಲ್ಗಾಡೊ 2020ರ ಮಾರ್ಚ್‌ನಲ್ಲಿ ತೀರಿಕೊಂಡ ಬಳಿಕ, ಗ್ಯೋರ್ಲ್ ಹಳೆಯ ಸೀಕ್ವೆನ್ಸರ್ ಆವರ್ತಗಳನ್ನು ಬಳಸಿಕೊಂಡು, ತಾನೇ ಹಾಡಿ, 2021ರಲ್ಲಿ 'ನೂರ್ ನೋಖ್ ಐನರ್' ಆಲ್ಬಮನ್ನು ತನ್ನ ಮತ್ತು ಡಾಫ್ ಹೆಸರಿನಲ್ಲಿ ಪ್ರಕಟಿಸಿದ.