ಪದ ಪರಿಚಯ: ಅಪಕರ್ಷಣ

ಸಂಸ್ಕೃತದ ‘ಕೃಷ್’ ಧಾತುವಿಗೆ ಎಳೆಯುವುದು, ಉಳುವುದು ಎಂಬ ಅರ್ಥಗಳಿವೆ. ಕೃಷಿ, ಆಕರ್ಷಣೆ ಎರಡೂ ಇದರಿಂದಲೇ ಬಂದವು. ‘ಉತ್’ ಸೇರಿದರೆ ಮೇಲಕ್ಕೆ ಎಳೆತ, ‘ಅಪ’ ಸೇರಿದರೆ ಕೆಳಕ್ಕೆ. ಹಾಗಾಗಿ ಉತ್ಕರ್ಷವೆಂದರೆ ಏಳಿಗೆ, ಅಪಕರ್ಷವೆಂದರೆ ಅವನತಿ.

ರಸಾಯನಶಾಸ್ತ್ರದಲ್ಲಿ ಈ ಹೊಗಳಿಕೆ ತೆಗಳಿಕೆ ಇಲ್ಲ. ಎಲೆಕ್ಟ್ರಾನ್ ಕಳೆದುಕೊಳ್ಳುವುದು ಉತ್ಕರ್ಷಣ, ಪಡೆಯುವುದು ಅಪಕರ್ಷಣ. 1923ರಲ್ಲಿ ಆರಂಭವಾದ ಭದ್ರಾವತಿಯ ಕುಲುಮೆ ಇದ್ದಿಲಿನಿಂದ ಅದಿರನ್ನು ಕಬ್ಬಿಣವಾಗಿಸಿದ್ದೂ ಅಪಕರ್ಷಣವೇ.

ಈಗ ಪದ ನೆಲದಡಿಯ ಮಾಲಿನ್ಯದ ಚಿಕಿತ್ಸೆಗೂ ಇಳಿದಿದೆ. ಕೈಗಾರಿಕಾ ಎಸ್ಟೇಟ್‌ಗಳಿರುವ ವಡೋದರಾದಲ್ಲಿ, ಗೋರ್ವಾ ಭಾಗದ ಕ್ರೋಮಿಯಂ ತ್ಯಾಜ್ಯದ ರಾಶಿ ದೊಡ್ಡ ವಿವಾದವಾಗಿತ್ತು. ತಮಿಳುನಾಡಿನ ರಾಣಿಪೇಟೆಯದೂ ಇದೇ ಕಥೆ. ಇಂಥ ತ್ಯಾಜ್ಯದಲ್ಲಿರುವ ಷಡ್ವೇಲೆನ್ಸಿಯ (ಹೆಕ್ಸಾವೇಲೆಂಟ್) ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಅಂತರ್ಜಲದ ಜೊತೆ ಹರಿಯುತ್ತದೆ, ಕ್ಯಾನ್ಸರ್‌ಕಾರಕ. ಕೊಳವೆಬಾವಿಗಳ ಮೂಲಕ ಫೆರಸ್ ಸಲ್ಫೇಟ್ (ನಮ್ಮ ಅಂಗಡಿಗಳ ಅನ್ನಭೇದಿ) ಅಥವಾ ಕ್ಯಾಲ್ಸಿಯಂ ಪಾಲಿಸಲ್ಫೈಡ್ ದ್ರಾವಣವನ್ನು ಒಳಕ್ಕೆ ಒತ್ತಿದರೆ ಕ್ರೋಮಿಯಂ ಅಪಕರ್ಷಣಗೊಂಡು ತ್ರಿವೇಲೆನ್ಸಿಯವಾಗಿ, ಹೈಡ್ರಾಕ್ಸೈಡ್ ರೂಪದಲ್ಲಿ ಮಣ್ಣಿಗೆ ಅಂಟಿ ನಿಲ್ಲುತ್ತದೆ. ಟ್ರೈಕ್ಲೋರೋಎಥಿಲೀನ್‌ನಂಥ ದ್ರಾವಕ ಸೋರಿದ ಕಡೆ ಪರ್ಮಾಂಗನೇಟ್ ಹಾಕುತ್ತಾರೆ, ಅದು ಉತ್ಕರ್ಷಣ.

ಪ್ರಯೋಗ: ಅನುವಾದದಲ್ಲಿ ಕ್ರೋಮಿಯಂನ ಅಪಕರ್ಷಣವನ್ನು (ಇಂಗ್ಲಿಷಿನ ‘ರಿಡಕ್ಷನ್’) ‘ಕ್ರೋಮಿಯಂ ಇಳಿಕೆ’ ಎಂದು ಬರೆಯುವುದು ತಪ್ಪು. ಕ್ರೋಮಿಯಂ ನೆಲದಲ್ಲೇ ಇರುತ್ತದೆ, ಬದಲಾಗುವುದು ಅದರ ರೂಪ. ಮಣ್ಣಿನ ಮ್ಯಾಂಗನೀಸ್ ಆಕ್ಸೈಡ್ ಅದನ್ನು ಮರಳಿ ಉತ್ಕರ್ಷಿಸಬಲ್ಲದು. ಆದ್ದರಿಂದ ಚಿಕಿತ್ಸೆ ಮುಗಿದ ಮೇಲೂ ಬಾವಿಗಳ ನೀರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಿರಬೇಕು.